ಒಂದಡಿ ಹೆಚ್ಚಾದ ಮನೆ

ಮನೆ ಮತ್ತೆ ನಡೆದಿತ್ತು.

ಗೋಡೆ, ಬಾಗಿಲು, ಸೂರು ಏನೂ ಇಲ್ಲದ ಮನೆ. ನೆಲಕ್ಕೆ ಹೊಡೆದ ನಾಲ್ಕು ಗೂಟ, ಗೂಟದಿಂದ ಗೂಟಕ್ಕೆ ಬಿಗಿದ ದಾರ, ದಾರದ ಕೆಳಗೆ ಸುಣ್ಣದ ಪುಡಿಯ ಬಿಳಿ ಗೆರೆ, ಅಷ್ಟೇ. ಮೊನ್ನೆ ಯಾರೋ ಅದನ್ನು ಕಿತ್ತು ಪೂರ್ವಕ್ಕೆ ಸರಿಸಿದ್ದರು. ನಿನ್ನೆ ಮೇಸ್ತ್ರಿ ನನ್ನ ಕಣ್ಣೆದುರಿಗೇ ಮೊದಲಿನ ಜಾಗಕ್ಕೆ ತಂದು ಕೂರಿಸಿದ. ಇವತ್ತು ಬೆಳಿಗ್ಗೆ ಎಂಟಕ್ಕೆ ಬಂದು ನೋಡಿದರೆ ಅದು ಮತ್ತೆ ಪೂರ್ವದಲ್ಲಿ ಕೂತು ನಮ್ಮನ್ನು ನೋಡಿ ನಗುತ್ತಿತ್ತು.

"ಇಪ್ಪತ್ತಮೂರು ವರ್ಷ ಓಡೋ ಬಸ್ಸಲ್ಲಿ ನಿಂತೆ," ಎಂದಳು ಕಂಡಕ್ಟರಮ್ಮ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು. "ನಿಂತಿರೋ ಮನೇಲಿ ಒಂದಿನ ಕೂತ್ಕೊಳ್ಳೋಣ ಅಂದ್ರೆ, ನನ್ನ ಹಣೆಬರಹಕ್ಕೆ ಮನೇನೂ ಓಡತ್ತಲ್ಲ!"

ಜೆಸಿಬಿ ಡ್ರೈವರ್ ಎಂಜಿನ್ ಚಾಲೂ ಇಟ್ಟುಕೊಂಡೇ ಕಿಟಕಿಯಿಂದ ತಲೆ ಹೊರಹಾಕಿದ.

"ಅಮ್ಮಾ, ಈ ಗೆರೆ ಮೇಲೆ ಅಗೀಲಾ, ಆ ಗೆರೆ ಮೇಲೆ ಅಗೀಲಾ? ಬೇಗ ಹೇಳಿ. ಇವತ್ತು ಸಂಜೆ ಹೋದ್ರೆ ಒಂದೂವರೆ ತಿಂಗಳು ನಾನು ರಸ್ತೆ ಕೆಲಸದಲ್ಲಿರ್ತೀನಿ."

"ಒಂದೂವರೆ ತಿಂಗಳಾದ್ರೆ ಮಳೆ," ಎಂದ ಮೇಸ್ತ್ರಿ.

"ಮಳೆ ಮುಗಿಯೋಷ್ಟರಲ್ಲಿ ನಾನು ಬೀದಿಯಲ್ಲಿ," ಎಂದಳು ಅವಳು. ಅವಳಿದ್ದ ಬಾಡಿಗೆ ಮನೆಯನ್ನು ಅದರ ಮಾಲೀಕ ಮಾರಿಯಾಗಿತ್ತು. ಆರು ತಿಂಗಳಲ್ಲಿ ಖಾಲಿ ಮಾಡಬೇಕು. ಅಪ್ಪ, ಅಜ್ಜ, ಅವರಪ್ಪ ಉತ್ತ ಈ ನಾಲ್ಕು ಎಕರೆಯಲ್ಲಿ ಹೊಸ ಮನೆ ಎದ್ದರೆ ಅವಳಿಗೊಂದು ಸೂರು. ಏಳದಿದ್ದರೆ ಮತ್ತೆ ಯಾರದೋ ಮಹಡಿ ಮೇಲಿನ ಒಂದು ಕೋಣೆ, ಯಾರದೋ ಮೆಟ್ಟಿಲು.

"ಎಂಜಿನ್ ಆಫ್ ಮಾಡಯ್ಯ!" ಎಂದು ಗದರಿದೆ. "ಡೀಸೆಲ್ ಏನು ನಿಮ್ಮಪ್ಪನ ಮನೇದಾ?"

"ನಿಮ್ಮಪ್ಪನ ಮನೇದೂ ಅಲ್ಲವಲ್ಲ," ಎಂದ. ಆದರೂ ಆಫ್ ಮಾಡಿದ.

ಭೂಮಾಪನ ಇಲಾಖೆಯಲ್ಲಿ ಹದಿನೆಂಟು ವರ್ಷ ಅಳತೆಯ ಸರಪಳಿ ಎಳೆದು, ಕೊನೆಗೆ ಒಬ್ಬ ಸಾಹೇಬನ ತಪ್ಪನ್ನು ಅವನ ಮುಖಕ್ಕೇ ಹೇಳಿ ಹೊರಗೆ ಬಿದ್ದವನು ನಾನು. ಜನ ನನ್ನನ್ನು ಸರಪಳಿ ಎಂದೇ ಕರೆಯುತ್ತಾರೆ. ಸರಿದ ಎಲ್ಲೆ, ಕಾಣೆಯಾದ ಕಲ್ಲು, ಒಡಹುಟ್ಟಿದವರ ನಡುವಿನ ಗಂಟು, ಇವನ್ನು ಬಿಡಿಸುವುದೇ ಈಗ ನನ್ನ ಕಸುಬು. ನೆಲದ ವಿಷಯದಲ್ಲಿ ಸುಳ್ಳು ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನೆಲ ಮಾತ್ರ ಎಂದೂ ಸುಳ್ಳು ಹೇಳುವುದಿಲ್ಲ. ಹಾಗಾಗಿ ನಾನು ನೆಲವನ್ನೇ ಕೇಳಲು ಮೊಣಕಾಲೂರಿದೆ.

ಸುಣ್ಣದ ಗೆರೆಯ ಮೇಲೆ ರಾತ್ರಿಯ ಇಬ್ಬನಿ ಬಿದ್ದು ತೆಳ್ಳಗೆ ಹೆಪ್ಪುಗಟ್ಟಿತ್ತು. ಬೆರಳಿಟ್ಟರೆ ಹಪ್ಪಳದ ಹಾಗೆ ಪಟ್ಟೆಂದು ಮುರಿಯಿತು. ಅಂದರೆ ಗೆರೆ ಎಳೆದದ್ದು ಇಬ್ಬನಿ ಬೀಳುವ ಮೊದಲೇ. ಇಷ್ಟು ನೇರ ಗೆರೆ ಬೆಳಕಿಲ್ಲದೆ ಯಾರಿಂದಲೂ ಆಗದು. ಮೇಸ್ತ್ರಿ ನಿನ್ನೆ ಜಾಗ ಬಿಟ್ಟದ್ದು ನಾಲ್ಕಕ್ಕೆ. ಕೆಲಸ ಆದದ್ದು ನಾಲ್ಕಕ್ಕೂ ಸೂರ್ಯ ಮುಳುಗುವುದಕ್ಕೂ ನಡುವೆ, ಹಾಡಹಗಲೇ.

"ಎಂಥ ಧೈರ್ಯ ನೋಡಿ!" ಎಂದಳು ಕಂಡಕ್ಟರಮ್ಮ. ಸಿಟ್ಟಿನ ಜೊತೆ ಅವಳ ದನಿಯಲ್ಲಿ ಒಂದು ಉತ್ಸಾಹವೂ ಇತ್ತು. ಮೂರು ದಿನದಿಂದ ಅವಳು ಹೀಗೇ. ಮನೆ ಕಟ್ಟುವ ಸಂಭ್ರಮ ಒಂದು ಕಡೆ, ಕಳ್ಳನನ್ನು ಹಿಡಿಯುವ ಸಂಭ್ರಮ ಇನ್ನೊಂದು ಕಡೆ. ರಜೆಯ ದಿನವೂ ಕೊರಳಿಂದ ಇಳಿಯದ ಅವಳ ಸೀಟಿ ಎದೆಯ ಮೇಲೆ ಕುಣಿಯುತ್ತಿತ್ತು.

"ಮೇಸ್ತ್ರಿ, ನಿನ್ನ ಟೇಪು ಕೊಡು."

"ಪೆಟ್ಟಿಗೇಲಿದೆ. ನೂರಡಿದು. ಹೊಸದು, ಮಣ್ಣು ಮಾಡ್ಬೇಡಿ."

"ಆ ಪೆಟ್ಟಿಗೆಗೆ ಬೀಗ?"

"ಟೇಪು ಯಾರು ಕದೀತಾರೆ ಅಂತ ಹಾಕಿಲ್ಲ."

"ಕದೀಲಿಲ್ಲ, ಎರವಲು ತಗೊಂಡಿದ್ದಾರೆ. ತಲೆ ಇದೆಯಾ ನಿನಗೆ? ಮೊನ್ನೆ ಒಂದು ಸಲ ಮನೆ ಓಡಿದ ಮೇಲೂ ಬೀಗ ಹಾಕ್ಬೇಕು ಅನ್ನಿಸಲಿಲ್ವಾ?"

ಮೇಸ್ತ್ರಿ ಕಿವಿ ಕೆರೆದುಕೊಂಡ. ಒಳ್ಳೆ ಕೆಲಸಗಾರ, ಬೈದರೆ ಬೇಜಾರು ಮಾಡಿಕೊಳ್ಳುವವನಲ್ಲ. ಅವನು ಟೇಪಿನ ಒಂದು ತುದಿ ಹಿಡಿದ, ನಾನು ಇನ್ನೊಂದು ತುದಿ ಹಿಡಿದು ಗೂಟದಿಂದ ಗೂಟಕ್ಕೆ ನಡೆದೆ.

ನಕ್ಷೆಯಲ್ಲಿ ಮನೆಯ ಉದ್ದ ನಲವತ್ತೆರಡು ಅಡಿ. ಟೇಪು ನಲವತ್ತಮೂರು ತೋರಿಸಿತು.

ಅಗಲ ಮೂವತ್ತು. ಟೇಪು ಮೂವತ್ತೊಂದು ಎಂದಿತು.

"ಇನ್ನೊಂದು ಸಲ ಹಿಡಿ."

ಮತ್ತೆ ಅದೇ. ಮೂಲೆಯಿಂದ ಮೂಲೆಗೆ ಎರಡು ಕಡೆಯೂ ಹಿಡಿದೆವು. ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಐವತ್ತಮೂರು ಅಡಿ. ಮೂಲೆಗಳು ಒಂದಿಷ್ಟೂ ವಾಲಿರಲಿಲ್ಲ. ಗೂಟ ಕಿತ್ತವನು ಆತುರದಲ್ಲಿ ಕಿತ್ತು ಎಲ್ಲೋ ಚುಚ್ಚಿ ಓಡಿಹೋದ ಪುಂಡನಲ್ಲ. ನಿಧಾನವಾಗಿ, ಅಕ್ಕರೆಯಿಂದ ಕೂರಿಸಿದ್ದ. ಆದರೂ ಉದ್ದದಲ್ಲಿ ಒಂದಡಿ ಹೆಚ್ಚು, ಅಗಲದಲ್ಲಿ ಒಂದಡಿ ಹೆಚ್ಚು.

"ಕಳ್ಳ ನನ್ನ ಮನೆ ದೊಡ್ಡದು ಮಾಡಿದಾನಾ?" ಎಂದಳು ಅವಳು. "ಹಂಗಾದ್ರೆ ಅವನಿಗೆ ಒಂದು ಟೀ ಕುಡಿಸ್ಬೇಕು!"

ಈಗಿನ ಗೂಟಗಳಿಗಿಂತ ಒಂದು ಗೇಣು ಉತ್ತರಕ್ಕೆ ಮೊನ್ನೆಯ ಗೂಟಗಳ ತೂತು ಇನ್ನೂ ಮುಚ್ಚಿರಲಿಲ್ಲ. ಅವನ್ನೂ ಅಳೆದೆ. ಅಲ್ಲಿಯೂ ನಲವತ್ತಮೂರು, ಮೂವತ್ತೊಂದು. ಮನೆ ಪೂರ್ವಕ್ಕೆ ಎಷ್ಟು ಸರಿದಿದೆ ಎಂದು ನೋಡಿದೆ. ಎರಡು ಸಲವೂ ಹನ್ನೊಂದು ಅಡಿ.

ಹನ್ನೊಂದು ಅಡಿ ಯಾರು ಸರಿಸುತ್ತಾರೆ? ಮನುಷ್ಯನಾದವನು ಮನಸ್ಸಿನಲ್ಲಿ ಹತ್ತು ಎಂದುಕೊಳ್ಳುತ್ತಾನೆ. ಒಂದು ಸಲ ಒಂದಡಿ ತಪ್ಪಿದರೆ ಕೈತಪ್ಪು. ಎರಡು ದಿನ, ಎಲ್ಲ ಕಡೆಯೂ ಅದೇ ಒಂದಡಿ ತಪ್ಪಿದರೆ ಅದು ಅಭ್ಯಾಸ.

ಅಷ್ಟರಲ್ಲಿ ಪಶ್ಚಿಮದ ಬೇಲಿಯ ಆಚೆಯಿಂದ ಕೆಮ್ಮು ಕೇಳಿಸಿತು.

"ಈಗ ಸರಿಯಾದ ಜಾಗಕ್ಕೆ ಬಂತು ನೋಡಿ ಮನೆ," ಎನ್ನುತ್ತಾ ಪಕ್ಕದ ಜಮೀನಿನವನು ಬೇಲಿಯ ಕಿಂಡಿಯಿಂದ ಒಳಗೆ ನುಸುಳಿದ. ಅರವತ್ತು ದಾಟಿದ ಆಳು. ಮಾತೆತ್ತಿದರೆ ಬೇಲಿ, ಬೇಲಿಯ ನೆರಳು, ಬೇಲಿಯ ಮುಳ್ಳು. ಎಲ್ಲರಿಗೂ ಅವನು ಬೇಲಿಯಪ್ಪ, ಅವನೂ ಆ ಹೆಸರಿಗೆ ಓಗೊಡುತ್ತಿದ್ದ. "ನನ್ನ ಬೇಲಿಗೆ ಆತುಕೊಂಡು ಗೋಡೆ ಎಬ್ಬಿಸಿದ್ರೆ ನನ್ನ ಹೊಲಕ್ಕೆ ಬಿಸಿಲು ಬರಲ್ಲ ಅಂತ ಮೊದಲೇ ಹೇಳಿದ್ದೆ."

"ಹೇಳಿದ್ರಿ, ಆಮೇಲೆ ನೀವೇ ಸರಿಸಿದ್ರಿ!" ಎಂದು ಅವನ ಮೇಲೆ ಎಗರಿದೆ.

"ಏಯ್, ನಾಲಿಗೆ ಬಿಗಿ ಹಿಡಿದು ಮಾತಾಡು. ನಾನ್ಯಾಕೆ ಸರಿಸ್ಲಿ?"

"ಲಾಭ ಯಾರಿಗೆ? ನಿಮಗೆ. ಬೇಲಿಯಿಂದ ಹನ್ನೊಂದು ಅಡಿ ದೂರ ಹೋಯ್ತಲ್ಲ."

"ಹನ್ನೊಂದಾ?" ಅವನು ಸುಣ್ಣದ ಗೆರೆಯನ್ನು ಬೇಲಿಯವರೆಗೆ ಕಣ್ಣಲ್ಲೇ ಅಳೆದು ತಲೆದೂಗಿದ. "ಸರಿಸಿದವನು ಒಳ್ಳೆ ಮನುಷ್ಯ. ನಾನಾಗಿದ್ರೆ ಇಪ್ಪತ್ತು ಸರಿಸ್ತಿದ್ದೆ."

ಡ್ರೈವರ್ ಗಹಗಹಿಸಿ ನಕ್ಕ. ನನಗೆ ನಗು ಬರಲಿಲ್ಲ, ಆದರೆ ಆ ಮಾತಿನಲ್ಲಿ ಒಂದು ನಿಜವಿತ್ತು.

ಹಳೆ ಮನೆಯ ಕಡೆಯಿಂದ ಕಂಡಕ್ಟರಮ್ಮನ ಅಣ್ಣ ಬರುತ್ತಿದ್ದ. ಹೊಲದ ಆ ತುದಿಯಲ್ಲಿ ಹೆಂಡತಿಯೊಂದಿಗೆ ಇರುವವನು, ಈ ನೆಲವನ್ನು ಉಳುವವನು ಅವನೇ. ಐವತ್ತಾರು ವರ್ಷ, ದಿನಕ್ಕೆ ಐವತ್ತಾರು ಮಾತು. ಕೈಯಲ್ಲಿ ಟೀ ತುಂಬಿದ ಫ್ಲಾಸ್ಕು, ಒಂದರೊಳಗೊಂದು ಸೇರಿಸಿದ ಆರು ಲೋಟ. ತಂಗಿ ಮನೆ ಕಟ್ಟುತ್ತೇನೆಂದಾಗ ಅವನು ಒಂದು ಮಾತೂ ಅಡ್ಡ ಹೇಳಿರಲಿಲ್ಲವಂತೆ. ತನ್ನ ಗಾಡಿಯಲ್ಲೇ ಮರಳು ತಂದು ಸುರಿದಿದ್ದ. ಹಾಗಾಗಿ ಮೂರು ದಿನದಿಂದ ನಾನು ಅವನನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಎಲ್ಲರೂ ಇಲ್ಲಿ ಬನ್ನಿ," ಎಂದೆ. "ಒಂದು ಸಣ್ಣ ಪರೀಕ್ಷೆ. ಆಮೇಲೆ ಟೀ."

ನೆಲಕ್ಕೆ ಒಂದು ಮೊಳೆ ಹೊಡೆದೆ. ಟೇಪು ಎತ್ತಿ ಹಿಡಿದೆ.

"ಈ ಮೊಳೆಯಿಂದ ಹತ್ತು ಅಡಿಗೆ ಒಬ್ಬೊಬ್ಬರೂ ಒಂದೊಂದು ಕಡ್ಡಿ ನೆಡಿ. ನಾನು ಇನ್ನೊಂದು ತುದಿ ಹಿಡೀತೀನಿ. ಅಷ್ಟೇ."

"ನಾವೇನು ಒಂದನೇ ಕ್ಲಾಸಾ?" ಎಂದ ಬೇಲಿಯಪ್ಪ.

"ಫೇಲಾಗೋ ಭಯ ಇದ್ರೆ ಹೋಗಿ."

ಮೇಸ್ತ್ರಿ ನೆಟ್ಟ. ಅಳೆದೆ. ಹತ್ತು. ಡ್ರೈವರ್ ತಾನೂ ಆಟಕ್ಕೆ ಬರುತ್ತೇನೆಂದು ಇಳಿದು ಬಂದು ನೆಟ್ಟ. ಹತ್ತು. ಬೇಲಿಯಪ್ಪ ಗೊಣಗುತ್ತಾ ಬಗ್ಗಿದ, ಒಂದು ಕಣ್ಣು ಮುಚ್ಚಿ ಕಡ್ಡಿ ಚುಚ್ಚಿದ. ಹತ್ತೆಂದರೆ ಹತ್ತು, ಒಂದು ನೂಲು ಆಚೀಚೆ ಇಲ್ಲ. ಬೇಲಿ ಅಳೆದು ಅಳೆದು ಕೈ ಪಳಗಿತ್ತು.

"ನಾನೂ ನೆಡ್ತೀನಿ," ಎಂದು ಕಂಡಕ್ಟರಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ನೀವು ಯಾಕೆ? ನಿಮ್ಮದೇ ಮನೆ."

"ನನ್ನ ಮನೆ ಅಂತಾನೇ. ನಾಳೆ ಯಾರೂ ಬೊಟ್ಟು ಮಾಡಿ ತೋರಿಸ್ಬಾರದು."

ಸರಸರ ನಡೆದು, ಬಗ್ಗಿ, ಕಡ್ಡಿ ನೆಟ್ಟು, ಕೈ ಝಾಡಿಸಿಕೊಂಡಳು. ನಾನು ನೋಡಿದೆ. ಇನ್ನೊಂದು ಸಲ ನೋಡಿದೆ.

ಹನ್ನೊಂದು.

ಬೇಲಿಯಪ್ಪ "ಹೆಹ್ಹೆ" ಎಂದ.

"ಏನು? ಸರಿಯಾಗೇ ಇದೆಯಲ್ಲ," ಎಂದಳು ಅವಳು. "ಹತ್ತು ಅಡಿಗೆ ಹನ್ನೊಂದು. ಒಂದು ಸೇರಿಸ್ಬೇಕಲ್ವಾ?"

"ಯಾಕೆ ಸೇರಿಸ್ಬೇಕು?" ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

"ಟೇಪು ಅಂದ್ರೆ..." ಅವಳು ನಿಂತಳು. ಕೈಯಲ್ಲಿದ್ದ ಹೊಸ ಉಕ್ಕಿನ ಟೇಪನ್ನು ಮೊದಲ ಸಲ ನೋಡುವವಳಂತೆ ತಿರುಗಿಸಿ ನೋಡಿದಳು. ಅದರ ತುದಿಯಲ್ಲಿ ಕೊಕ್ಕೆ, ಕೊಕ್ಕೆಯಿಂದಲೇ ಸೊನ್ನೆ ಶುರು. "ಅಯ್ಯೋ ದೇವರೇ. ನಮ್ಮ ಮನೇಲಿ ಅಪ್ಪನದೊಂದು ಬಟ್ಟೆ ಟೇಪಿತ್ತು. ಮೊದಲನೇ ಅಡಿ ಹರಿದುಹೋಗಿತ್ತು, ಒಂದರಿಂದ ಶುರು. ಏನೇ ಅಳೆದ್ರೂ ಒಂದು ಸೇರಿಸಿ ಹಿಡಿ ಅಂತ ಅಪ್ಪ ಹೇಳೋರು. ಪಾತಿ ಮಾಡುವಾಗ, ಚಪ್ಪರ ಹಾಕುವಾಗ... ಆಮೇಲೆ ನಾನು ಟೇಪು ಮುಟ್ಟಿದ್ದೇ ಇಲ್ಲ."

"ಆ ಟೇಪು ಈಗ ಎಲ್ಲಿದೆ?"

"ಹಳೆ ಮನೇಲೇ ಇರ್ಬೇಕು. ಐವತ್ತಡಿದು. ಅಣ್ಣ ಈಗಲೂ ಅದರಲ್ಲೇ..."

ಮಾತು ಅಲ್ಲೇ ಕಡಿಯಿತು.

ಐವತ್ತಡಿ ಟೇಪು ಈ ಮನೆಯ ಮೂಲೆಯಿಂದ ಮೂಲೆಗೆ ಸಾಲದು. ಮೂಲೆ ಸರಿಯಿದೆಯೇ ಎಂದು ನೋಡಲೇಬೇಕೆನ್ನುವವನು ಮೇಸ್ತ್ರಿಯ ಪೆಟ್ಟಿಗೆಯ ನೂರಡಿ ಟೇಪನ್ನೇ ತೆಗೆಯಬೇಕು. ಹೊಸ ಟೇಪು ಹಿಡಿದು, ಹಳೆ ಅಭ್ಯಾಸದ ಹಾಗೆ ಎಲ್ಲದಕ್ಕೂ ಒಂದು ಸೇರಿಸಬೇಕು. ಈ ತಪ್ಪು ಪ್ರಪಂಚದಲ್ಲಿ ಇಬ್ಬರಿಂದ ಮಾತ್ರ ಸಾಧ್ಯ. ಅವರಲ್ಲಿ ಒಬ್ಬಳು ನಿನ್ನೆ ನಾಲ್ಕರಿಂದ ರಾತ್ರಿಯವರೆಗೆ ಬಸ್ಸಿನಲ್ಲಿ ಡ್ಯೂಟಿ ಮೇಲಿದ್ದಳು. ಅದೇ ಬಸ್ಸಿನಲ್ಲಿ ನಾನೂ ಇದ್ದೆ. ತನ್ನದೇ ಕೆಲಸಕ್ಕೆ ಬಂದವನೆಂದು ನನಗೆ ಟಿಕೆಟ್ ಬಿಟ್ಟಳೇ? ಬಿಡಲಿಲ್ಲ, ಸೀಟೂ ಕೊಡಿಸಲಿಲ್ಲ.

ಉಳಿದವನು ಆರು ಲೋಟಗಳನ್ನು ಮರಳಿನ ಗುಡ್ಡೆಯ ಮೇಲೆ ಸಾಲಾಗಿಟ್ಟು ಟೀ ಬಗ್ಗಿಸುತ್ತಿದ್ದ. ಕೊನೆಯ ಲೋಟ ತುಂಬಿಸಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ.

"ನೀವೂ ಒಂದು ಕಡ್ಡಿ ನೆಡ್ತೀರಾ?" ಎಂದು ಕೇಳಿದೆ.

"ಬೇಡ," ಎಂದ. "ನಾನೇ."

ಕಿಕ್ಕಿರಿದ ಬಸ್ಸಿನಲ್ಲಿ ಅರವತ್ತು ಜನರನ್ನು ಒಂದೇ ಕೂಗಿಗೆ ಹಿಂದೆ ಸರಿಸುವ ಕಂಡಕ್ಟರಮ್ಮ ತಾನೇ ಎರಡು ಹೆಜ್ಜೆ ಹಿಂದೆ ಸರಿದಳು.

"ಅಣ್ಣಾ," ಎಂದಳು ಆಮೇಲೆ. "ಹೊಟ್ಟೆಕಿಚ್ಚಾ?"

"ಅಲ್ಲ ಪುಟ್ಟಿ."

"ಪುಟ್ಟಿ ಗಿಟ್ಟಿ ಅನ್ಬೇಡ ಈಗ. ಮರಳು ನೀನೇ ತಂದೆ. ಗೂಟ ನೀನೇ ಕಿತ್ತೆ. ನನಗೆ ಪಾಲು ಕೊಡಕ್ಕೆ ಮನಸ್ಸಿಲ್ಲದಿದ್ರೆ ಮುಖಕ್ಕೆ ಹೇಳ್ಬೇಕಿತ್ತು. ಪಕ್ಕದವರ ಮೇಲೆಲ್ಲ ಅನುಮಾನ ಪಟ್ಟೆ. ಪಾಪ, ಬೇಲಿ ಮಾವನ್ನ ಕಳ್ಳ ಅಂದ್ಕೊಂಡೆ!"

"ಅದಕ್ಕೇನೂ ಬೇಜಾರಿಲ್ಲ," ಎಂದ ಬೇಲಿಯಪ್ಪ, ಟೀ ಲೋಟ ಎತ್ತಿಕೊಂಡು.

"ನಾಲ್ಕು ಎಕರೇಲಿ ಎಲ್ಲಿ ಬೇಕಾದ್ರೂ ಕಟ್ಟು," ಎಂದ ಅಣ್ಣ. "ಎರಡು ಮನೆ ಕಟ್ಟು. ಕಲ್ಲು ಬೇಕಾದ್ರೆ ನಾನೇ ಹೊರ್ತೀನಿ. ಆ ಪಶ್ಚಿಮದ ಹತ್ತಡಿ ಮಾತ್ರ ಬೇಡ. ಅಲ್ಲಿ ಅಗೆಯೋದು ಬೇಡ."

"ಏನಿದೆ ಅಲ್ಲಿ?"

ಅಣ್ಣ ಫ್ಲಾಸ್ಕನ್ನು ಮರಳಿನ ಗುಡ್ಡೆಗೆ ಒರಗಿಸಿಟ್ಟ.

"ಅಮ್ಮ ಸಾಯೋವರೆಗೂ ಆ ಜಾಗಾನೇ ತೋರಿಸಿ ಹೇಳ್ತಿದ್ಲು. ಕಟ್ಟಿದ್ರೆ ಇಲ್ಲಿ ಕಟ್ಟು ಪುಟ್ಟಿ, ಇಲ್ಲಿ ನಿಂತ್ರೆ ರಸ್ತೆ ಕಾಣತ್ತೆ, ನಿನ್ನ ಬಸ್ಸು ಕಾಣತ್ತೆ ಅಂತ. ಏನಿದೆ ಅಣ್ಣಾ ಅಲ್ಲಿ?"

"ನೀನು ಕೇಳಿದಷ್ಟೂ ನಾನು ಹೇಳಲ್ಲ."

"ಹಂಗಾ?" ಅವಳು ಸೀಟಿ ಬಾಯಿಗಿಟ್ಟುಕೊಂಡಳು. ಎರಡು ಸಲ ಊದಿದಳು. ಹೊರಡು ಎಂದರ್ಥ. ಡ್ರೈವರ್ ಅಭ್ಯಾಸವಿದ್ದವನಂತೆ ಹಾರಿ ಕೂತು ಎಂಜಿನ್ ಎಬ್ಬಿಸಿದ. ಬಕೆಟ್ಟು ಗುಡುಗುತ್ತಾ ಪಶ್ಚಿಮದ ಮೂಲೆಗೆ ತಿರುಗಿತು.

ಅಣ್ಣ ನಡೆದುಹೋಗಿ ಅದರ ಕೆಳಗೆ ಕೂತುಬಿಟ್ಟ. ಚಕ್ಕಂಬಕ್ಕಳ ಹಾಕಿ, ಊಟಕ್ಕೆ ಕೂತವನ ಹಾಗೆ.

ಡ್ರೈವರ್ ಬಕೆಟ್ಟನ್ನು ಗಾಳಿಯಲ್ಲೇ ನಿಲ್ಲಿಸಿದ. "ಅಮ್ಮಾ, ಮನುಷ್ಯರನ್ನ ಅಗೆಯೋದು ನಮ್ಮ ರೇಟಿನಲ್ಲಿಲ್ಲ!"

ನನ್ನ ತಲೆ ಕೆಟ್ಟಿತು. ಮೂರು ದಿನ ಅಲೆದು ಕಳ್ಳನನ್ನು ಹಿಡಿದರೆ, ಕಳ್ಳ ಕೈಗೆ ಸಿಕ್ಕಿ ಕಾರಣ ಮಾತ್ರ ಸಿಗದೆ ಹೋಗುವುದೆಂದರೇನು! ಅವನ ಎದುರು ಹೋಗಿ ಕುಕ್ಕರುಗಾಲಲ್ಲಿ ಕೂತೆ.

"ನೋಡಪ್ಪ, ನಾನು ಒರಟ, ನೇರ ಕೇಳ್ತೀನಿ. ಕೆಳಗೆ ಹೆಣ ಇದೆಯಾ?"

"ಛೇ ಛೇ!" ಅವನು ನಿಜವಾಗಿಯೂ ಬೆಚ್ಚಿದ. "ಏನ್ ಮಾತು ಅಂತ ಆಡ್ತೀರಿ!"

"ಹೂತಿಟ್ಟ ಒಡವೆ?"

"ಇದ್ದಿದ್ರೆ ನಾನು ಹರಿದ ಟೇಪು ಯಾಕೆ ಹಿಡ್ಕೊಂಡಿರ್ತಿದ್ದೆ?"

"ಮತ್ತೆ? ಅವಳಿಗೆ ಹೇಳಿ. ನನಗೆ ಬೇಡ, ಅವಳಿಗೆ ಹೇಳಿ. ಇವತ್ತು ಅಗೀಲಿಲ್ಲ ಅಂದ್ರೆ ಅವಳಿಗೆ ಈ ವರ್ಷ ಮನೆ ಇಲ್ಲ."

ಕಂಡಕ್ಟರಮ್ಮ ಬಂದು ಅವನ ಪಕ್ಕದಲ್ಲೇ ಮಣ್ಣಿನಲ್ಲಿ ಕೂತಳು. ಭುಜಕ್ಕೆ ಭುಜ ತಾಗಿಸಿ. ಮೇಲೆ ಬಕೆಟ್ಟಿನ ಹಲ್ಲುಗಳು ತೂಗುತ್ತಿದ್ದವು.

"ನೀನು ಏಳೋವರೆಗೂ ನಾನೂ ಏಳಲ್ಲ," ಎಂದಳು. "ನನಗೆ ನಾಳೇನೂ ರಜೆ."

ಅವನು ತೂಗುವ ಹಲ್ಲುಗಳನ್ನು ನೋಡಿದ, ತಂಗಿಯನ್ನು ನೋಡಿದ. ಆಮೇಲೆ ಎದ್ದ.

"ಯಂತ್ರ ಬೇಡ," ಎಂದ. "ಕೈಯಲ್ಲಿ ಅಗೀತೀನಿ. ನೋಡ್ಕೋ."

ಮೇಸ್ತ್ರಿಯ ಹಾರೆ, ಸಲಿಕೆ ಎತ್ತಿಕೊಂಡು, ಯಾವ ಗುರುತೂ ಇಲ್ಲದ ನೆಲದಲ್ಲಿ ನಾಲ್ಕು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ಇಟ್ಟು ನಿಂತ. ಅಗೆದ. ಮೇಸ್ತ್ರಿ ಕೈ ಜೋಡಿಸಿದ. ನಾನೂ ಅಂಗಿ ತೋಳು ಮಡಿಸಿದೆ. ಬೇಲಿಯಪ್ಪ ಮಾತ್ರ ಅಲ್ಲೇ ನಿಂತಿದ್ದ, ಖಾಲಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ.

ಮೊಣಕಾಲುದ್ದ ಅಗೆಯುವಷ್ಟರಲ್ಲಿ ಹಾರೆ ಠಣ್ಣೆಂದಿತು.

ಅಣ್ಣ ಹುಬ್ಬು ಗಂಟಿಕ್ಕಿ ಗುಂಡಿಯ ಆಳ ನೋಡಿದ. ಮೇಸ್ತ್ರಿ ಗುಂಡಿಗಿಳಿದು ಪಕ್ಕದ ಮಣ್ಣನ್ನು ಸೊಂಟದಾಳಕ್ಕೆ ತೆಗೆದ. ಕಲ್ಲು. ಸುಮ್ಮನೆ ಬಿದ್ದ ಕಲ್ಲಲ್ಲ, ಉಳಿಯಿಂದ ಕೆತ್ತಿದ ಚೌಕದ ಕಲ್ಲು. ಅದರ ಪಕ್ಕ ಇನ್ನೊಂದು. ಅದರ ಪಕ್ಕ ಮತ್ತೊಂದು. ಒಂದು ಕಡೆ ತಿರುಗಿ ಸರಿಯಾದ ಮೂಲೆ.

"ಪಾಯ!" ಎಂದು ಮೇಸ್ತ್ರಿ ಕೂಗಿದ. "ಅಮ್ಮಾ, ಇಲ್ಲಿ ಮನೆಗೆ ಪಾಯ ಹಾಕಿದೆ! ಹಳೇ ಕೈಕೆಲಸ, ಎಂಥ ಒಳ್ಳೆ ಕೆಲಸ! ಮೂಲೆ ನೋಡಿ, ಕತ್ತರಿಸಿದ ಹಾಗಿದೆ!"

ಕಂಡಕ್ಟರಮ್ಮ ಗುಂಡಿಗೆ ಧುಮುಕಿದಳು. ಕಲ್ಲಿನ ಮೇಲೆ ಎರಡೂ ಅಂಗೈ ಇಟ್ಟಳು. ಮುಖ ಮಗುವಿನ ಮುಖವಾಗಿತ್ತು.

"ಯಾರದು ಅಣ್ಣಾ? ಯಾರು ಕಟ್ಟಿದ್ದು?"

"ಅಪ್ಪ, ಚಿಕ್ಕಪ್ಪ. ಇಬ್ಬರೂ ಸೇರಿ," ಎಂದ ಅವನು ಗುಂಡಿಯ ಅಂಚಿನಲ್ಲಿ ಕೂತು. ದಿನದ ಐವತ್ತಾರು ಮಾತು ಒಟ್ಟಿಗೇ ಖರ್ಚಾಗುವ ಹಾಗಿತ್ತು. "ಎರಡು ಸಂಸಾರಕ್ಕೂ ಆಗೋ ದೊಡ್ಡ ಮನೆ ಅಂತ ಶುರು ಮಾಡಿದ್ರು, ಬೇಲಿ ಕಡೆಯ ಮೊದಲ ಕೋಣೆಗಳ ಪಾಯ ಅಷ್ಟೇ ಆಗಿತ್ತು. ನಿನಗೆ ಆಗ ಎರಡು ವರ್ಷ, ನನಗೆ ಹದಿನಾಲ್ಕು. ಒಂದು ದಿನ ಇಬ್ಬರಿಗೂ ಜಗಳ ಆಯ್ತು. ಯಾಕೆ ಅಂತ ಅಪ್ಪ ಕೊನೇವರೆಗೂ ಹೇಳಲಿಲ್ಲ. ಚಿಕ್ಕಪ್ಪ ಹೊರಟುಹೋದ. ಅಪ್ಪ, ನಾನು ಮೂರು ದಿನ ಮಣ್ಣು ಎಳೆದು ಎಲ್ಲ ಮುಚ್ಚಿದ್ವಿ. ಅವನು ಬಂದು ನಿಲ್ಲೋವರೆಗೂ ಈ ಪಾಯದ ಮೇಲೆ ಇನ್ನೊಂದು ಕಲ್ಲು ಕೂರಬಾರದು ಅಂತ ಅಪ್ಪ ನನ್ನ ಕೈ ಹಿಡಿದು ಹೇಳಿಸಿಕೊಂಡ್ರು."

"ಚಿಕ್ಕಪ್ಪ ಸತ್ತುಹೋದರಲ್ಲ!"

"ಹದಿನೆಂಟು ವರ್ಷ ಆಯ್ತು. ಕಾಗದ ಬಂದಿತ್ತು. ಸತ್ತವನು ಬರಲ್ಲ. ಅದಕ್ಕೇ ಇನ್ನು ಯಾವತ್ತೂ ಇಲ್ಲಿ ಕಟ್ಟೋ ಹಾಗಿಲ್ಲ ಅಂದ್ಕೊಂಡೆ."

"ಇಷ್ಟು ನನಗೆ ಹೇಳಿದ್ರೆ ಏನಾಗ್ತಿತ್ತು?"

"ಹೇಳಿದ್ರೆ ಬಿಡ್ತಿದ್ಯಾ? ಅವತ್ತೇ ಸಲಿಕೆ ತಗೊಂಡು ಬಂದು ಅಗೆದು ನೋಡ್ತಿದ್ದೆ."

ಯಾರೂ ಇಲ್ಲವೆನ್ನಲಿಲ್ಲ. ಅವಳೂ ಎನ್ನಲಿಲ್ಲ. ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಬಸ್ಸು ತುಂಬುವಷ್ಟು.

"ನಾನೇನೋ ಅಂದ್ಕೊಂಡಿದ್ದೆ! ಪಾಯಾನಾ! ಅಣ್ಣಾ, ಅಪ್ಪ ನನಗೆ ಅರ್ಧ ಕೆಲಸ ಮಾಡಿಟ್ಟು ಹೋಗಿದಾರೆ ಕಣೋ! ಮೇಸ್ತ್ರಿ, ಇದರ ಮೇಲೇ ಎಬ್ಬಿಸಬಹುದಾ?"

"ನೂರು ವರ್ಷ ನಿಲ್ಲತ್ತೆ," ಎಂದ ಮೇಸ್ತ್ರಿ. "ನಕ್ಷೆ ಒಂಚೂರು ಈ ಕಡೆ ತಿರುಗಿಸಿದ್ರೆ ಸಾಕು. ಮಳೆಗೆ ಮೊದಲು ಗೋಡೆ ಎದೆಮಟ್ಟ ಬರತ್ತೆ!"

"ಕೇಳಿದ್ಯಾ ಅಣ್ಣಾ? ಎದೆಮಟ್ಟ! ನಿನ್ನ ಮಾತಿಗೆ ಏನು ಬೇಕೋ ಅದು ಮಾಡೋಣ. ನಿನಗೂ ಅತ್ತಿಗೆಗೂ ಇದರಲ್ಲೇ ಒಂದು ಕೋಣೆ. ಎರಡು ಸಂಸಾರಕ್ಕೆ ಅಂತ ತಾನೇ ಹಾಕಿದ್ದು? ಆಯ್ತಲ್ಲ, ಎರಡೇ ಸಂಸಾರ!"

ಅಣ್ಣ ಕೈಯ ಮಣ್ಣು ಒರೆಸಿಕೊಂಡ. ಒಪ್ಪಿದನೆಂದೇ ನನಗನ್ನಿಸಿತು. ಗುಂಡಿಗೆ ಇಳಿದು ತಂಗಿಯ ಪಕ್ಕ ನಿಂತು, ಅವನೂ ಕಲ್ಲಿನ ಮೇಲೆ ಕೈಯಿಟ್ಟ. ಕೈ ಕೆಳಗೆ ಜಾರಿಸಿದ. ಒಂದೊಂದೇ ಕಲ್ಲಿನ ಅಂಚು ಮುಟ್ಟುತ್ತಾ ಹೋದ.

"ಮೂರು," ಎಂದ.

"ಏನು ಮೂರು?"

"ಸಾಲು. ಕಲ್ಲಿನ ಸಾಲು ಮೂರಿದೆ." ಅವನ ಮುಖ ಬಿಳಿಚಿಕೊಂಡಿತ್ತು. "ನಾವು ಮುಚ್ಚಿದಾಗ ಎರಡೇ ಇತ್ತು. ಎರಡು ಸಾಲು, ಅದರ ಮೇಲೆ ಮಣ್ಣು. ನಾನೇ ಮುಚ್ಚಿದ್ದು. ಅದಕ್ಕೇ ಆಗಲೇ ಇಷ್ಟು ಬೇಗ ಹಾರೆ ತಾಗಬಾರದು ಅನ್ನಿಸ್ತು."

ಮೇಸ್ತ್ರಿಯನ್ನು ಪಕ್ಕಕ್ಕೆ ತಳ್ಳಿ ನಾನು ಬಗ್ಗಿದೆ. ಕಲ್ಲುಗಳ ನಡುವಿನ ಸಂದನ್ನು ಉಗುರಿನಿಂದ ಕೆರೆದೆ. ಕೆಳಗಿನ ಎರಡು ಸಾಲಿನಲ್ಲಿ ಹಳೆಯ ಸುಣ್ಣದ ಗಾರೆ, ಉಗುರಿಗೆ ಬಿಳಿ ಪುಡಿಯಾಗಿ ಬಂತು. ಮೇಲಿನ ಸಾಲಿನಲ್ಲಿ ಬೂದು ಬಣ್ಣ. ಉಗುರು ಜಾರಿತು.

"ಸಿಮೆಂಟು," ಎಂದ ಮೇಸ್ತ್ರಿ ಪಿಸುಗುಟ್ಟಿ. "ಇದು ಹಳೇದಲ್ಲ ಸಾರ್. ಎರಡು ವರ್ಷ ಆಗಿದ್ರೆ ಹೆಚ್ಚು."

"ಎರಡು ವರ್ಷದಲ್ಲಿ ನಿನ್ನ ಹೊಲದಲ್ಲಿ ಯಾರೋ ಪಾಯ ಅಗೆದು, ಸಾಲು ಕಟ್ಟಿ, ಮತ್ತೆ ಮುಚ್ಚಿದಾರೆ, ನಿನಗೆ ಗೊತ್ತಾಗಲಿಲ್ವಾ?" ಎಂದು ನಾನು ಅಣ್ಣನ ಮೇಲೆ ಕೂಗಿದೆ. "ಕಣ್ಣೆಲ್ಲಿಟ್ಟಿದ್ದೆ?"

"ಎರಡು ವರ್ಷದ ಹಿಂದೆ ಕಾಲು ಮುರಿದು ನಲವತ್ತು ದಿನ ಆಸ್ಪತ್ರೇಲಿದ್ದೆ. ಹೆಂಡತೀನೂ ಅಲ್ಲೇ ಇದ್ದಳು. ವಾಪಸ್ ಬಂದಾಗ ಈ ತುಂಡು ನೆಲ ಉತ್ತು ಹದ ಮಾಡಿತ್ತು. ಸಹಾಯ ಮಾಡಿದೀನಿ ಅಂದ್ರು. ನಾನು ಹೊಗಳಿದ್ದೆ ಕೂಡ." ಅವನು ನಿಧಾನವಾಗಿ ತಲೆ ಎತ್ತಿದ. "ಬೇಲಿ ಪಕ್ಕ ಬಿದ್ದಿದ್ದ ಅಪ್ಪನ ಕೆತ್ತಿದ ಕಲ್ಲೆಲ್ಲ ಆಗಲೇ ಕಾಣೆಯಾಗಿತ್ತು. ಯಾರೋ ಕದ್ರು ಅಂತ ಬೈದಿದ್ದೆ. ನಲವತ್ತು ದಿನ ನಮ್ಮ ದನಗಳಿಗೆ ಮೇವು ಹಾಕಿದ್ದೂ ಅವರೇ."

ಎಲ್ಲರ ಕಣ್ಣೂ ಒಟ್ಟಿಗೆ ಮೇಲೆ ಹೊರಳಿದವು.

ಬೇಲಿಯಪ್ಪ ಗುಂಡಿಯ ಅಂಚಿಗೆ ಬಂದು ನಿಂತಿದ್ದ. ನಾನು ಬೆಳಿಗ್ಗೆಯಿಂದ ಅವನನ್ನು ಎರಡು ಸಲ ಬೈದಿದ್ದೆ, ಒಂದು ಸಲವೂ ಸರಿಯಾದ ಕಾರಣಕ್ಕೆ ಬೈದಿರಲಿಲ್ಲ. ಅವನು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಬಗ್ಗಿ, ಮೂಲೆ ತಿರುಗುವಲ್ಲೇ ನಿಂತುಹೋಗಿದ್ದ ಸಿಮೆಂಟಿನ ಮೂರನೆಯ ಸಾಲನ್ನೇ ದಿಟ್ಟಿಸುತ್ತಿದ್ದ.

"ಈ ಕಡೆ ಒಂದೇನಾ ಆಗಿರೋದು?" ಎಂದ, ಬಹಳ ಬೇಸರದಿಂದ. "ನಾಲ್ಕೂ ಕಡೆ ಮುಗಿಸಿದೀನಿ ಅಂದಿದ್ರಲ್ಲ ನಿಮ್ಮ ಚಿಕ್ಕಪ್ಪ."

ಅಣ್ಣ ಗುಂಡಿಯಿಂದ ಮೇಲೆ ಹತ್ತಿ ಬೇಲಿಯಪ್ಪನ ಎದುರು ನಿಂತ.

"ಯಾವಾಗ ಅಂದಿದ್ರು?" ಎಂದಳು ಕಂಡಕ್ಟರಮ್ಮ. ಅವಳ ದನಿ ಇಷ್ಟು ಸಣ್ಣಗಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಬೇಲಿಯಪ್ಪ ಲೋಟವನ್ನು ಮರಳಿನ ಮೇಲೆ ಮೆಲ್ಲಗಿಟ್ಟ.

"ಹೋದ ಭಾನುವಾರ."